ಕಿವಿ ಕೊಟ್ಟವಳ ಪಾಲು

ರೊಕ್ಕ ಹಾಕಿದವನು ರೋಕ್.
ನಲವತ್ತು ಸಾವಿರ ಯೂರೋ, ಬ್ಯಾಂಕಿನ ಚೀಟಿ ಸಮೇತ.
ಅದಕ್ಕೆ ನನ್ನಂಥವಳು ಬೇಕಿಲ್ಲ,
ನಲವತ್ತು ಸಾವಿರ ಅಂದರೆ ನಲವತ್ತು ಸಾವಿರವೇ.

ಅಲೆಂಕಾ ತಂದದ್ದು ಒಂದು ಶೂ ಡಬ್ಬಿ.
ಎರಡು ಹಾರ್ಡ್ ಡಿಸ್ಕು, ಮೇಣದ ಕಲೆಯ ಆರು ನೋಟುಬುಕ್ಕು,
ರಬ್ಬರ್ ಬ್ಯಾಂಡು ಸುತ್ತಿದ ಪುಟ್ಟ ಮೈಕು.
"ಇದರ ಬೆಲೆ ಬರೆದುಕೊಡಿ," ಅಂದಳು
ಕೋಟು ಕಳಚದೆ, ಕುರ್ಚಿಯ ತುದಿಗೆ ಕೂತು.

ಸ್ಕೋಫ್ಯಾ ಲೋಕಾದ ನನ್ನ ಕಚೇರಿಯ ಸೂರಿನಿಂದ
ಫೆಬ್ರವರಿಯ ಹಿಮ ತೊಟ್ಟಿಕ್ಕುತ್ತಿತ್ತು.
ಇಪ್ಪತ್ತೆರಡು ವರ್ಷ ಬೆಲೆ ಕಟ್ಟಿದವಳು ನಾನು:
ಗರಗಸದ ಮಿಲ್ಲು, ಲಾರಿ, ದಿವಾಳಿಯೆದ್ದ ಹೋಟೆಲಿನ ಹಾಸಿಗೆ.
ಮುಟ್ಟಿ ನೋಡುವಂಥದ್ದು, ತುಕ್ಕು ಹಿಡಿಯುವಂಥದ್ದು.

ಇದೋ, ಸದ್ದು.
ಹಳೇ ರಾಣಿ ಹಾರಿಹೋಗುವ ಮೂರು ದಿನ ಮೊದಲು
ಗೂಡಿನ ಝೇಂಕಾರ ಒಂದೆಳೆ ಏರುತ್ತದಂತೆ.
ಪ್ರೋಗ್ರಾಮು ಅದನ್ನು ಹಿಡಿದು ಜೇನಿನ ಯಜಮಾನನ ಫೋನಿಗೆ ಹೇಳುತ್ತದೆ:
ನಾಳಿದ್ದು ನಿನ್ನ ಅರ್ಧ ಗೂಡು ಮರ ಹತ್ತುತ್ತದೆ, ಏಳು.
ಆ ಒಂದೆಳೆಗಾಗಿ ಹನ್ನೊಂದು ಬೇಸಿಗೆ.
ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿ,
ಸಂಜೆ, ಚಿತ್ರ ಬರೆದ ಗೂಡುಹಲಗೆಗೆ ಒತ್ತಿದ ಕೆನ್ನೆ.
ಅವನು ರೊಕ್ಕ ಕೊಟ್ಟ, ಇವಳು ಕಿವಿ ಕೊಟ್ಟಳು.
ನನ್ನ ನಮೂನೆಯಲ್ಲಿ ಕಿವಿಗೆ ಕಾಲಮ್ಮಿಲ್ಲ.

ತಗುಲಿದ ಖರ್ಚು ಲೆಕ್ಕ ಹಾಕೋಣವೆಂದರೆ
ಕೇಳಿದ ಗಂಟೆಗೆ ಯಾವ ದರ? ಲಾಂಡ್ರಿಯದೇ?
ಏನೂ ಕೇಳಿಸದೆ ಎದ್ದುಬಂದ ಸಂಜೆಗಳು
ಖರ್ಚೋ, ನಷ್ಟವೋ?
ಇಂಥದ್ದೇ ಇನ್ನೊಂದು ಎಷ್ಟಕ್ಕೆ ಹೋಯಿತೆಂದು ಹುಡುಕಿದೆ.
ಒಂದು ಮೀನಿನದು, ಒಂದು ಹಂದಿಯ ಕೆಮ್ಮಿನದು ಸಿಕ್ಕವು.
ಕಪ್ಪೆಗಳನ್ನು ತಕ್ಕಡಿಗೆ ಹಾಕುತ್ತ ಎರಡು ವಾರ ಹೋಯಿತು.
ಉಳಿದದ್ದು ನಾಳೆಯ ಗಳಿಕೆಯನ್ನು ಇಂದಿಗೆ ತರುವ ವಿದ್ಯೆ,
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದು
ಆ ಕೂಸು ಹುಟ್ಟದೇ ಹೋಗಬಹುದೆಂದು
ನೂರಕ್ಕೆ ನಲವತ್ತರಂತೆ ಬಟ್ಟೆ ಕತ್ತರಿಸುವುದು.

ರೋಕ್ ಕೆಟ್ಟವನಲ್ಲ. ಅವ್ವನ ಫ್ಲ್ಯಾಟು ಅಡವಿಟ್ಟಿದ್ದ.
ಉಗುರು ಕಚ್ಚುತ್ತ ಒಂದೇ ಮಾತು ಕೇಳಿದ:
"ನಾಳೆ ಇವಳೇ ಹಾರಿಹೋದರೆ?"
ಅಲೆಂಕಾ ನಗಲಿಲ್ಲ. ನಾನೂ.

ನಾಲ್ಕನೇ ಬೇಸಿಗೆಯ ಧ್ವನಿಯಲ್ಲಿ
ಹುಳುಗಳ ನಡುವೆ ಗಂಡಸಿನ ಕೆಮ್ಮು.
"ಈಗ. ಈಗ ಏರಿತು, ಕೇಳು."
ಯಾರಿದು?
"ಸ್ಟಾನೆ. ಬೇಲಿಯಾಚೆಯವನು.
ಮೊದಲು ತೋರಿಸಿಕೊಟ್ಟವನು ಅವನೇ."
ಏನಾದರೂ ಬರೆಸಿಕೊಂಡಿದ್ದೀಯಾ?
ಅವಳ ಮುಖ ಇಸ್ತ್ರಿ ಬಿಟ್ಟ ಬಟ್ಟೆಯಂತಾಯಿತು.
"ಅವನ ಹೊಲ ಕೊಯ್ದುಕೊಟ್ಟೆ, ಎರಡು ಸಲ."

ಹಕ್ಕು ಬಿಟ್ಟ ಪತ್ರವಿಲ್ಲದೆ ಬೆಲೆ ಸೊನ್ನೆ, ಅಂದೆ.
ಹೇಳುವಾಗ ನನ್ನ ದನಿಯೂ ಒಂದೆಳೆ ಏರಿತ್ತು.

ಮಂಗಳವಾರ ಪತ್ರ ಬಂತು.
ವಕೀಲರ ಹದಿನಾಲ್ಕು ಸಾಲುಗಳ ಮೇಲೆ ಅಡ್ಡಗೆರೆ ಎಳೆದು
ಸ್ಟಾನೆ ಪೆನ್ಸಿಲಿನಲ್ಲಿ ಬರೆದಿದ್ದ:
ಸದ್ದು ಹುಳದ್ದು. ನನ್ನದಲ್ಲದ್ದನ್ನು ನಾನು ಬಿಡುವುದು ಹೇಗೆ?
ಕೆಳಗೆ ಸಹಿ.
ವಕೀಲರು ಕನ್ನಡಕ ಒರೆಸಿಕೊಂಡು, ನಡೆಯುತ್ತದೆ ಅಂದರು.

ಮೂವತ್ತೊಂದು ಸಾವಿರದ ಇನ್ನೂರು.
ಬರೆದೆ, ಮೊಹರು ಒತ್ತಿದೆ.
ನೂರರಲ್ಲಿ ನಲವತ್ತಮೂರು ಮುಕ್ಕಾಲು, ಮೇಲೊಂದು ಚೂರು.
ಅವಳು ಅಂಕಿಯನ್ನು ನೋಡಿದ್ದು
ಬೇರೆಯವರ ಮಗುವಿನ ಫೋಟೋ ನೋಡುವ ಹಾಗೆ.
ಆಮೇಲೆ ಡಬ್ಬಿಯೊಳಗೆ ಕೈಹಾಕಿ ಮೈಕು ಎತ್ತಿಕೊಂಡಳು.
ಅದು ಪಟ್ಟಿಯಲ್ಲಿದೆ, ಅಂದೆ. ಈಗ ಕಂಪನಿಯದು.
ರಬ್ಬರ್ ಬ್ಯಾಂಡು ಮಾತ್ರ ಬಿಚ್ಚಿಕೊಂಡು
ಕೂದಲಿಗೆ ಹಾಕಿ ಹೊರಟಳು.

ಮೇ ತಿಂಗಳಲ್ಲಿ, ತಂಗಿಯ ತೋಟದಲ್ಲಿ
ಯಾರೂ ನೋಡದಾಗ ಒಂದು ಗೂಡಿಗೆ ಕಿವಿ ಹಚ್ಚಿದೆ.
ಹಲಗೆ ಬೆಚ್ಚಗಿತ್ತು. ಝೇಂಕಾರ ಕೇಳಿತು.
ಏರಿತೋ ಇಲ್ಲವೋ, ಮೊಣಕಾಲು ಸೋಲುವವರೆಗೆ ನಿಂತರೂ
ನನಗೆ ತಿಳಿಯಲಿಲ್ಲ.

ಕಡಿಮೆ ಬರೆದೆನೇನೋ.